9.80 ಲಕ್ಷದ ಕ್ಯಾಂಪಿಂಗ್ ಟ್ರೇಲರ್: ಎಷ್ಟಕ್ಕೆ ಕೇಳಬೇಕು?

ಪ್ರಶ್ನೆ: ಸರ್, ನಮ್ಮದು ಶಿರಸಿ ಹತ್ತಿರ. ಅಡಿಕೆ ತೋಟ ಇದೆ. ಮನೆಯಲ್ಲಿ ಡೀಸೆಲ್ ಥಾರ್ ಇದೆ. ಪುಣೆ ಕಡೆಯ ಒಬ್ಬರ ಹತ್ತಿರ ನಮಗೆ ಬೇಕಾದ ಹಾಗೆ ಆಫ್-ರೋಡ್ ಕ್ಯಾಂಪಿಂಗ್ ಟ್ರೇಲರ್ ಮಾಡಿಸಬೇಕು ಅಂತಿದ್ದೇವೆ. ಇಬ್ಬರು ಮಲಗುವಷ್ಟು ಜಾಗ, ಹಿಂದೆ ಅಡುಗೆ ಕಟ್ಟೆ, ಫ್ರಿಜ್, ಲಿಥಿಯಂ ಬ್ಯಾಟರಿ, ಸೋಲಾರ್, ಪಕ್ಕಕ್ಕೆ ಬಿಚ್ಚುವ ಚಪ್ಪರ. 9.80 ಲಕ್ಷ ಹೇಳಿದ್ದಾರೆ, ಜಿಎಸ್‌ಟಿ ಬೇರೆ. ಕೊಟೇಶನ್ ಒಂದೇ ಪುಟ. ಅರ್ಧ ಅಡ್ವಾನ್ಸ್ ಕೇಳುತ್ತಿದ್ದಾರೆ. ನಮ್ಮಣ್ಣ "ಏಳೂವರೆಗೆ ಕೇಳು, ಎಂಟೂವರೆಗೆ ಇಳೀತಾರೆ" ಅಂತಾನೆ. ನನಗೆ ಭಯ, ಜಾಸ್ತಿ ಎಳೆದಾಡಿದರೆ ಕೆಲಸ ಕಳಪೆ ಮಾಡಿಬಿಡ್ತಾರಾ ಅಂತ. ನಿಜಕ್ಕೂ ಎಷ್ಟು ಇಳಿಸಬಹುದು?

ಉತ್ತರ: ನಿಮ್ಮಣ್ಣ ಹೇಳಿದ್ದು ಸುಳ್ಳಲ್ಲ. ಏಳೂವರೆಗೆ ಕೇಳಿದರೆ ಎಂಟೂವರೆಗೆ ಇಳಿಯುತ್ತಾರೆ. ನನಗೆ ಹೆದರಿಕೆ ಇರೋದೇ ಅಲ್ಲಿ, ಅವರು ಇಳಿದುಬಿಡುತ್ತಾರೆ ಅಂತ.

ನಾನು ಯಾವ ಕಡೆಯವನು ಅಂತ ಮೊದಲೇ ಹೇಳಿಬಿಡುತ್ತೇನೆ. ಕಾರವಾರದಲ್ಲಿ ನನ್ನದು ಫ್ಯಾಬ್ರಿಕೇಶನ್ ಶೆಡ್. ದೋಣಿ ಸಾಗಿಸುವ ಟ್ರೇಲರ್ ಕೆಲಸ ಜಾಸ್ತಿ. ಕ್ಯಾಂಪಿಂಗ್ ಟ್ರೇಲರ್ ನಾನು ಕಟ್ಟುವುದಿಲ್ಲ, ರಿಪೇರಿಗೆ ಮಾತ್ರ ಬರುತ್ತವೆ. ಹಾಗಾಗಿ ಪುಣೆಯವರ ಆರ್ಡರ್ ತಪ್ಪಿಸಿ ನನ್ನ ಕಡೆ ಎಳೆದುಕೊಳ್ಳುವ ಆಸೆ ಇಲ್ಲ. ಆದರೆ ಗಿರಾಕಿ ಬೆಲೆ ಮುರಿದು ಹೋದ ಮೇಲೆ ಶೆಡ್ಡಿನ ಒಳಗೆ ಏನಾಗುತ್ತದೆ ಅಂತ ಚೆನ್ನಾಗಿ ಗೊತ್ತು.

ನೀವು ಅಡಿಕೆಯವರು. ಟೆಂಡರಿಗೆ ಇಟ್ಟ ರಾಶಿ ಕಣ್ಣೆದುರೇ ಇರುತ್ತದೆ. ವ್ಯಾಪಾರಿ ಕೈಹಾಕಿ ನೋಡುತ್ತಾನೆ, ಆಮೇಲೆ ದರ ಬರೆಯುತ್ತಾನೆ. ದರ ಇಳಿದರೂ ರಾಶಿ ಬದಲಾಗುವುದಿಲ್ಲ. ಇಲ್ಲಿ ಹಾಗಲ್ಲ. ದರ ಮೊದಲು, ಮಾಲು ಆಮೇಲೆ. ನೀವು 1.30 ಲಕ್ಷ ಇಳಿಸಿದಿರಿ ಅಂದರೆ ಇನ್ನೂ ಹುಟ್ಟದ ಮಾಲಿನ ದರ ಇಳಿಸಿದ್ದೀರಿ. ಹುಟ್ಟುವಾಗ ಅದು ಎಂಟೂವರೆ ಲಕ್ಷದ ಮಾಲಾಗಿಯೇ ಹುಟ್ಟುತ್ತದೆ.

ಅವರ 9.80 ಲಕ್ಷವನ್ನು ಸ್ವಲ್ಪ ಬಿಡಿಸಿ ನೋಡೋಣ. ಒಂದಿಷ್ಟು ದುಡ್ಡು ಅವರು ಹೊರಗಿನಿಂದ ತರುವ ಸಾಮಾನಿಗೆ ಹೋಗುತ್ತದೆ: ಆಕ್ಸಲ್, ಹಬ್ (ಚಕ್ರ ಕೂರುವ ನಡುಭಾಗ), ಟೈರು, ಕಪ್ಲಿಂಗ್ (ಎಳೆಯುವ ಕೊಂಡಿ), ಫ್ರಿಜ್, ಬ್ಯಾಟರಿ, ಸೋಲಾರ್ ಪ್ಯಾನೆಲ್. ಇದರ ದರ ಅವರ ಕೈಯಲ್ಲಿಲ್ಲ. ಇನ್ನೊಂದಿಷ್ಟು ಬಾಡಿಗೆ, ಕರೆಂಟು, ಸಂಬಳ ಮತ್ತು ಲಾಭ. ಲಾಭವನ್ನು ಸ್ವಲ್ಪ ಬಿಡಬಹುದು, ಪೂರ್ತಿ ಯಾರೂ ಬಿಡುವುದಿಲ್ಲ. ಉಳಿದಿದ್ದು ಶೆಡ್ಡಿನಲ್ಲೇ ಆಗುವ ಕೆಲಸ. ಅಂದರೆ ಉಕ್ಕು, ವೆಲ್ಡಿಂಗ್, ಗ್ಯಾಲ್ವನೈಸಿಂಗ್ (ತುಕ್ಕು ಹಿಡಿಯದಂತೆ ಸತು ಹತ್ತಿಸುವುದು), ಪೇಂಟ್, ಪ್ಲೈವುಡ್, ವೈರಿಂಗ್, ಸೀಲಿಂಗ್. ನೀವು ಒಟ್ಟು ಮೊತ್ತದಲ್ಲಿ ಕತ್ತರಿ ಹಾಕಿದರೆ ಆ ಕತ್ತರಿ ಬಂದು ಬೀಳೋದು ಇಲ್ಲೇ. ಯಾಕೆಂದರೆ ಇದು ನಿಮಗೆ ಕಾಣುವುದಿಲ್ಲ.

ಚಾಸಿಯ, ಅಂದರೆ ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟಿನ ಪೈಪನ್ನೇ ತೆಗೆದುಕೊಳ್ಳಿ. 50×50 ಎಂಎಂ ಚೌಕ ಪೈಪು 3 ಎಂಎಂ ದಪ್ಪದ್ದಾದರೆ ಮೀಟರಿಗೆ ಸುಮಾರು 4.4 ಕೆಜಿ ತೂಗುತ್ತದೆ. ಅದೇ ಪೈಪು 2 ಎಂಎಂ ಆದರೆ 3 ಕೆಜಿ. ಹೊರಗಿನಿಂದ ಎರಡೂ ಒಂದೇ ಅಳತೆ, ಪೇಂಟ್ ಬಳಿದ ಮೇಲೆ ನನಗೂ ಕಣ್ಣಲ್ಲಿ ಗುರುತು ಸಿಗುವುದಿಲ್ಲ. ಮೂವತ್ತು ಮೀಟರ್ ಪೈಪು ಬೇಕು ಅಂತ ಇಟ್ಟುಕೊಳ್ಳಿ. 132 ಕೆಜಿ ಹೋಗುವ ಕಡೆ 90 ಕೆಜಿ ಹೋಯಿತು. ಉಳಿದದ್ದು 42 ಕೆಜಿ. ಕೆಜಿಗೆ ನೂರು ರೂಪಾಯಿ ಅಂತ ಧಾರಾಳವಾಗಿ ಹಿಡಿದರೂ ಕಟ್ಟುವವರಿಗೆ ಉಳಿದದ್ದು ನಾಲ್ಕು ಸಾವಿರ ಚಿಲ್ಲರೆ! ನಿಮಗೆ ಹೋದದ್ದು ಚಾಸಿಯ ಮೂರನೇ ಒಂದು ಪಾಲು ಉಕ್ಕು. ಈಗ ಯೋಚನೆ ಮಾಡಿ, 1.30 ಲಕ್ಷ ಸರಿದೂಗಿಸಬೇಕಾದರೆ ಇಂಥ ನಾಲ್ಕು ಸಾವಿರಗಳನ್ನು ಎಷ್ಟು ಕಡೆ ಹುಡುಕಬೇಕು? 304 ಗ್ರೇಡಿನ ಸ್ಟೇನ್‌ಲೆಸ್ ಬದಲು ಅಗ್ಗದ, ಬೇಗ ತುಕ್ಕು ಹಿಡಿಯುವ 202. ಐಎಸ್ 710 ಮುದ್ರೆಯ ಮರೀನ್ ಪ್ಲೈವುಡ್ ಬದಲು ಸಾದಾ ಪ್ಲೈವುಡ್. ಬಿಸಿ ಸತುವಿನಲ್ಲಿ ಅದ್ದುವ ಬದಲು ಒಂದು ಕೋಟ್ ಪ್ರೈಮರ್. ದಪ್ಪ ವೈರಿನ ಬದಲು ತೆಳು ವೈರು. ಯಾರೂ ಮೋಸ ಮಾಡಬೇಕು ಅಂತ ಕೂತು ಮಾಡುವುದಿಲ್ಲ. "ಗಿರಾಕಿ ಕೊಟ್ಟ ದುಡ್ಡಿಗೆ ಇಷ್ಟೇ ಆಗೋದು" ಅಂತ ಮಾಡುತ್ತಾರೆ. ಕೆಲಸ ಕಳಪೆ ಆಗುತ್ತದಾ ಅನ್ನುವ ನಿಮ್ಮ ಭಯಕ್ಕೆ ಇದೇ ಉತ್ತರ.

ಅಂದರೆ ಚೌಕಾಸಿ ಮಾಡಲೇಬಾರದಾ? ಮಾಡಬೇಕು. ಆದರೆ ಅದಕ್ಕೂ ಮುಂಚೆ ಒಂದು ಕೆಲಸ ಇದೆ.

ಪುಣೆಯವರಿಗೆ ಫೋನ್ ಮಾಡಿ, ರೇಟಿನ ಮಾತು ಎತ್ತಬೇಡಿ. "ಟೈಪ್ ಅಪ್ರೂವಲ್ ಸರ್ಟಿಫಿಕೇಟ್ ಕಳಿಸಿ" ಅಂತ ಕೇಳಿ. ಅಂದರೆ ಆ ಮಾದರಿಯ ಗಾಡಿ ಪರೀಕ್ಷೆಯಲ್ಲಿ ಪಾಸಾಗಿದೆ ಅನ್ನುವ ಪತ್ರ. ಎಂಜಿನ್ ಇಲ್ಲದಿದ್ದರೂ ಟ್ರೇಲರ್‌ಗೆ ಬೇರೆಯದೇ ರಿಜಿಸ್ಟ್ರೇಶನ್ ಬೇಕು, ಬೇರೆಯದೇ ನಂಬರ್ ಪ್ಲೇಟ್ ಬೇಕು. ನಿಮ್ಮ ಶಿರಸಿ ಆರ್‌ಟಿಓದಲ್ಲಿ ಅದಕ್ಕೆ ಕೆಎ-31 ನಂಬರ್ ಬೀಳಬೇಕು ಅಂದರೆ ಫಾರ್ಮ್ 20ರ ಅರ್ಜಿಯ ಜೊತೆ ಮಾರಿದವರು ಕೊಡುವ ಫಾರ್ಮ್ 21 ಮತ್ತು ಫಾರ್ಮ್ 22 ಬೇಕು. ಮೊದಲನೆಯದು ಮಾರಾಟದ ಪತ್ರ, ಎರಡನೆಯದು ಗಾಡಿ ರಸ್ತೆಗೆ ಯೋಗ್ಯ ಅನ್ನುವ ಪತ್ರ. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಥರದ ವಾಹನ ಪರೀಕ್ಷೆಯ ಸಂಸ್ಥೆಯಲ್ಲಿ ಆ ಮಾದರಿ ಪಾಸಾಗಿರದಿದ್ದರೆ ಫಾರ್ಮ್ 22ಕ್ಕೆ ಬೆಲೆಯೇ ಇಲ್ಲ. "ನಿಮಗೆ ಬೇಕಾದ ಹಾಗೆ ಮಾಡಿಕೊಡ್ತೀವಿ" ಅನ್ನುವವರು ಪಾಸಾದ ಚಾಸಿ, ಪಾಸಾದ ಅಳತೆ, ಪಾಸಾದ ತೂಕ ಇಟ್ಟುಕೊಂಡು ಒಳಗಿನ ಏರ್ಪಾಡು ಮಾತ್ರ ಬದಲಿಸಿದರೆ ತೊಂದರೆ ಇಲ್ಲ. ಉದ್ದ-ಅಗಲವನ್ನೇ ಬದಲಿಸಿದರೆ ಅದು ಬೇರೆಯದೇ ಗಾಡಿ ಆಯಿತು.

"ನಂಬರ್ ಯಾಕೆ ಸರ್, ಯಾರೂ ಹಿಡಿಯೋಲ್ಲ" ಅನ್ನುವ ಮಾತು ಬಂದರೆ ಅಲ್ಲಿಗೆ ಫೋನ್ ಇಡಿ. ದೇವಿಮನೆ ಘಟ್ಟದಲ್ಲಿ ಟ್ರೇಲರ್ ಯಾರಿಗಾದರೂ ತಾಗಿದರೆ ವಿಮೆಯವರು ಮೊದಲು ಕೇಳೋದೇ ಆ ನಂಬರ್. ಇನ್ನೊಂದು ವಿಷಯ. ಖಾಸಗಿ ಬಳಕೆಯ ಕ್ಯಾಂಪರ್ ಟ್ರೇಲರನ್ನು ಕೇಂದ್ರ ಸರ್ಕಾರ 2004ರಲ್ಲೇ ನಾನ್-ಟ್ರಾನ್ಸ್‌ಪೋರ್ಟ್ ಗಾಡಿಗಳ ಪಟ್ಟಿಗೆ ಸೇರಿಸಿದೆ. ಆದರೆ ನಾಳೆ ಹೋಮ್‌ಸ್ಟೇ ಮಾಡಿ ಅದನ್ನು ಬಾಡಿಗೆಗೆ ಕೊಡುವ ಯೋಚನೆ ಇದ್ದರೆ ಅದು ಟ್ರಾನ್ಸ್‌ಪೋರ್ಟ್ ವರ್ಗಕ್ಕೆ ಹೋಗುತ್ತದೆ. ತೆರಿಗೆ, ವಿಮೆ ಎಲ್ಲಾ ಬದಲಾಗುತ್ತದೆ. ಆ ಯೋಚನೆ ಇದ್ದರೆ ಈಗಲೇ ಆರ್‌ಟಿಓದಲ್ಲಿ ವಿಚಾರಿಸಿ.

ಇಲ್ಲಿ ಒಂದು ಮಾತು. "ಇಲ್ಲೇ ಟ್ರ್ಯಾಕ್ಟರ್ ಟ್ರೇಲರ್ ಮಾಡೋರ ಹತ್ತಿರ ಅರ್ಧ ದುಡ್ಡಲ್ಲಿ ಮಾಡಿಸಬಹುದಲ್ಲ" ಅಂತ ಊರಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ನಮ್ಮ ಕಡೆಯ ವೆಲ್ಡರುಗಳ ಕೈ ಯಾರಿಗೂ ಕಡಿಮೆ ಇಲ್ಲ. ಆದರೆ ಟ್ರ್ಯಾಕ್ಟರ್ ಟ್ರೇಲರ್ ನಿಧಾನಕ್ಕೆ ಹೋಗೋದಕ್ಕೆ ಕಟ್ಟಿದ್ದು. ಅದರ ಆಕ್ಸಲ್, ಕೊಂಡಿ, ಬ್ರೇಕು ಎಲ್ಲ ಆ ವೇಗಕ್ಕೆ. ಥಾರ್ ಹಿಂದೆ ಕಟ್ಟಿಕೊಂಡು ಹೆದ್ದಾರಿ 66ರಲ್ಲಿ ಎಂಬತ್ತರಲ್ಲಿ ಹೋಗುವ ವಸ್ತು ಅದಲ್ಲ. ಕಾಗದದ ಪ್ರಶ್ನೆಯಂತೂ ಇದ್ದೇ ಇದೆ.

ಸರಿ, ಕಾಗದ ಬಂತು ಅಂತ ಇಟ್ಟುಕೊಳ್ಳೋಣ. ಈಗ ಆ ಒಂದು ಪುಟದ ಕೊಟೇಶನ್ ಬಿಡಿಸಿ ಕೇಳಿ. ಹೀಗೆ ಹೇಳಬಹುದು: "ನಿಮ್ಮ ರೇಟು ಜಾಸ್ತಿ ಅಂತ ನಾನು ಹೇಳ್ತಾ ಇಲ್ಲ. ಯಾವುದಕ್ಕೆ ಎಷ್ಟು ಅಂತ ನನಗೆ ಗೊತ್ತಾಗಬೇಕು. ಚಾಸಿ, ಸಸ್ಪೆನ್ಷನ್, ಬಾಡಿ, ಅಡುಗೆ ಕಟ್ಟೆ, ಕರೆಂಟಿನ ಕೆಲಸ, ಚಪ್ಪರ ಬೇರೆಬೇರೆ ಬರೆದು ಕೊಡಿ." ಪ್ರತಿಯೊಂದರ ಮುಂದೆ ವಸ್ತು, ಅಳತೆ, ಗ್ರೇಡ್ ಇರಬೇಕು. "ಹೆವಿ ಡ್ಯೂಟಿ ಚಾಸಿ" ಅಂತ ಬರೆದರೆ ಅದು ಏನನ್ನೂ ಹೇಳಿದ ಹಾಗಲ್ಲ. "50×50×3 ಎಂಎಂ, ವೆಲ್ಡಿಂಗ್ ಆದ ಮೇಲೆ ಪೂರ್ತಿ ಹಾಟ್ ಡಿಪ್ ಗ್ಯಾಲ್ವನೈಸ್" ಅಂತ ಬರೆದರೆ ಅದನ್ನು ಅಳೆದು ನೋಡಬಹುದು. ಜಿಎಸ್‌ಟಿ ಸೇರಿಸಿ ಕೊನೆಯ ಮೊತ್ತ ಎಷ್ಟು ಅಂತಲೂ ಬರೆಸಿಕೊಳ್ಳಿ. ಬಿಲ್ಲಿನಲ್ಲಿ ಎಚ್‌ಎಸ್‌ಎನ್ ಕೋಡ್ (ಜಿಎಸ್‌ಟಿಗೆ ಸರಕು ಗುರುತಿಸುವ ಅಂಕಿ) 8716 ಇರಬೇಕು, ಟ್ರೇಲರ್‌ಗಳದ್ದು ಅದೇ. ಬರೆದುಕೊಡಲು ಎರಡು ಮೂರು ದಿನ ಕೇಳಿದರೆ ಕೊಡಿ. ಬರೆದೇ ಕೊಡುವುದಿಲ್ಲ ಅಂದರೆ ನಿಮ್ಮಣ್ಣನ ಎಂಟೂವರೆಯೂ ಬೇಡ, ಅವರ ಒಂಬತ್ತೆಂಬತ್ತೂ ಬೇಡ.

ಈ ಪಟ್ಟಿ ಕೈಗೆ ಬಂದ ಮೇಲೆ ನಿಜವಾದ ಚೌಕಾಸಿ ಶುರು. ನಾನಾದರೆ ಮೊದಲು ನೋಡೋದು ಹೊರಗಿನಿಂದ ತರುವ ಸಾಮಾನನ್ನು. ಫ್ರಿಜ್, ಬ್ಯಾಟರಿ, ಸೋಲಾರ್ ಪ್ಯಾನೆಲ್, ಚಪ್ಪರ, ಒಲೆ. ಇವುಗಳ ಬೆಲೆ ಫೋನಿನಲ್ಲೇ ಸಿಗುತ್ತದೆ. ಅವರು ಹಾಕಿದ ಬೆಲೆಯ ಪಕ್ಕದಲ್ಲಿ ಇಟ್ಟು ನೋಡಿ. ತರಿಸಿ ಕೂರಿಸುವುದಕ್ಕೆ ಅವರು ಒಂದಿಷ್ಟು ಇಟ್ಟುಕೊಳ್ಳುವುದು ನ್ಯಾಯವೇ. ಅದು ಅತಿ ಅನಿಸಿದರೆ "ಫ್ರಿಜ್ಜು, ಚಪ್ಪರ ನಾವೇ ತಂದುಕೊಡ್ತೀವಿ, ನೀವು ಕೂರಿಸಿ ಕೊಡಿ, ಕೂಲಿ ಎಷ್ಟು ಹೇಳಿ" ಅನ್ನಿ. ಹೀಗೆ ಮೊತ್ತ ಇಳಿದರೆ ಗಾಡಿಯ ಗಟ್ಟಿತನ ಒಂದಿಂಚೂ ಕಡಿಮೆ ಆಗುವುದಿಲ್ಲ. ಬ್ಯಾಟರಿ ಮಾತ್ರ ಅವರ ಕಡೆಯಿಂದಲೇ ಇರಲಿ ಅನ್ನುತ್ತೇನೆ. ಬ್ಯಾಟರಿ ನಿಮ್ಮದು, ವೈರಿಂಗ್ ಅವರದು ಆದರೆ ನಾಳೆ ಲೈಟು ಹತ್ತದಿದ್ದಾಗ ಅವರು ಬ್ಯಾಟರಿ ತೋರಿಸುತ್ತಾರೆ, ಬ್ಯಾಟರಿಯವರು ವೈರಿಂಗ್ ತೋರಿಸುತ್ತಾರೆ.

ಆಮೇಲೆ ನಿಮಗೆ ಬೇಡದ್ದನ್ನು ತೆಗೆಸಿ. ಕ್ಯಾಂಪಿಂಗ್ ಟ್ರೇಲರ್ ಮಾಡಿಸುವವರಿಗೆಲ್ಲ ಮೊದಲ ಸಲ ಆಸೆ ಜಾಸ್ತಿ. 200 ಎಎಚ್ (ಆಂಪಿಯರ್-ಅವರ್) ಬ್ಯಾಟರಿ, 120 ಲೀಟರ್ ನೀರಿನ ಟ್ಯಾಂಕು, ಬಿಸಿನೀರು ಎಲ್ಲಾ ಬೇಕು ಅನಿಸುತ್ತದೆ. 12.8 ವೋಲ್ಟಿನ 100 ಎಎಚ್ ಲಿಥಿಯಂ ಬ್ಯಾಟರಿಯಲ್ಲಿ 1,280 ವ್ಯಾಟ್-ಅವರ್ ಇರುತ್ತದೆ. ಸಣ್ಣ 12 ವೋಲ್ಟ್ ಫ್ರಿಜ್ಜು ಓಡುವಾಗ ಐವತ್ತು ವ್ಯಾಟ್‌ನ ಆಸುಪಾಸು ಎಳೆಯುತ್ತದೆ, ದಿನವಿಡೀ ಓಡುವುದಿಲ್ಲ. ಲೈಟು, ಫ್ಯಾನು, ಫೋನ್ ಚಾರ್ಜ್ ಸೇರಿದರೂ ಒಂದು ರಾತ್ರಿ, ಮರುದಿನ ಆರಾಮಾಗಿ ಬರುತ್ತದೆ. ಗೋಕರ್ಣದ ಬಯಲಲ್ಲಿ 200 ವ್ಯಾಟ್ ಪ್ಯಾನೆಲ್ ಅದನ್ನು ತುಂಬಿಸಿಬಿಡುತ್ತದೆ. ಜೋಯಿಡಾ ಕಡೆಯ ಮರಗಳ ಅಡಿಯಲ್ಲಿ 400 ವ್ಯಾಟ್ ಹಾಕಿದರೂ ತುಂಬೋದಿಲ್ಲ. ಅಲ್ಲಿಗೆ ಪ್ಯಾನೆಲ್ ಹೆಚ್ಚಿಸುವ ಬದಲು ಗಾಡಿ ಓಡುವಾಗ ಚಾರ್ಜ್ ಮಾಡುವ ಡಿಸಿ-ಡಿಸಿ ಚಾರ್ಜರ್ ಹಾಕಿಸುವುದು ಜಾಣತನ. ನೀರಿನ ವಿಷಯ ಇನ್ನೂ ಸುಲಭ. ನಮ್ಮ ಜಿಲ್ಲೆಯಲ್ಲಿ ನೀರಿಗೆ ಬರವೇ? 120 ಲೀಟರ್ ಅಂದರೆ 120 ಕೆಜಿ. ಅರ್ಧ ಸಾಕು.

ತೂಕದ ಮಾತು ಬಂತು. ಗಿರಾಕಿಗಳು ಯಾರೂ ಕೇಳದ, ಆದರೆ ಕೇಳಲೇಬೇಕಾದ ಅಂಕಿ ಇದು. "ಖಾಲಿ ಗಾಡಿಯ ತೂಕ ಇಷ್ಟು ಕೆಜಿ ಮೀರುವುದಿಲ್ಲ" ಅಂತ ಕೊಟೇಶನ್‌ನಲ್ಲಿ ಬರೆಸಿ. ಟ್ರೇಲರುಗಳಲ್ಲಿ ತುಂಬಿದ ತೂಕ 750 ಕೆಜಿವರೆಗಿನದ್ದು ಒಂದು ವರ್ಗ, ಅದರಿಂದ 3,500 ಕೆಜಿವರೆಗಿನದ್ದು ಇನ್ನೊಂದು. ನಿಮ್ಮ ಕೊಟೇಶನ್‌ನಲ್ಲಿ ಅದು ಯಾವುದು ಅಂತಲೇ ಇಲ್ಲ. ಇಬ್ಬರು ಮಲಗುವ, ಫ್ರಿಜ್ಜು, ಟ್ಯಾಂಕು, ಅಡುಗೆ ಕಟ್ಟೆ ಇರುವ ಗಾಡಿ ಸಾಮಾನು ತುಂಬಿದ ಮೇಲೆ 750 ದಾಟುವುದು ಬಹಳ ಸುಲಭ. ದಾಟಿದರೆ ಟ್ರೇಲರ್‌ಗೆ ತನ್ನದೇ ಬ್ರೇಕ್ ಬೇಕೇ ಬೇಕು. ದಾಟದಿದ್ದರೂ ನಮ್ಮ ಘಟ್ಟಗಳಿಗೆ ಬ್ರೇಕ್ ಇಲ್ಲದ ಟ್ರೇಲರ್ ಬೇಡ ಅಂತ ನನ್ನ ಖಡಕ್ ಅಭಿಪ್ರಾಯ. ದೇವಿಮನೆ ಇಳಿಯುವಾಗ, ಅರಬೈಲು ಇಳಿಯುವಾಗ ಹಿಂದಿನಿಂದ ಆರೇಳುನೂರು ಕೆಜಿ ದೂಡುತ್ತಾ ಇರುತ್ತದೆ. ಮಳೆ ಬಿದ್ದ ರಸ್ತೆ, ಎದುರಿಗೆ ಲಾರಿ, ಮುಂದೆ ತಿರುವು. ಥಾರ್ ಒಂದೇ ಎಲ್ಲವನ್ನೂ ಹಿಡಿದು ನಿಲ್ಲಿಸಬೇಕು. ಓವರ್‌ರನ್ ಬ್ರೇಕ್ ಅಂದರೆ ಮುಂದಿನ ಗಾಡಿ ನಿಧಾನ ಆದಾಗ ಟ್ರೇಲರ್ ತಾನೇ ಒತ್ತಿ ಬಂದು ತನ್ನ ಬ್ರೇಕ್ ಹಿಡಿಯುವ ಏರ್ಪಾಡು. ಅದನ್ನು ಕೊಟೇಶನ್‌ನಿಂದ ತೆಗೆಸಿ ದುಡ್ಡು ಉಳಿಸುವ ಯೋಚನೆ ಮಾಡಬೇಡಿ. ಜೊತೆಗೆ ಸುರಕ್ಷತಾ ಚೈನು, ಕೊಂಡಿ ಕಳಚಿದರೆ ತಾನೇ ಬ್ರೇಕ್ ಹಿಡಿಸುವ ಕೇಬಲ್ ಎರಡೂ ಇರಲಿ. ನಿಮ್ಮ ಥಾರ್ ಎಷ್ಟು ತೂಕ ಎಳೆಯಬಹುದು, ಎಳೆಯುವ ಕೊಂಡಿ ಹಾಕಿಸಿದರೆ ವಾರಂಟಿ ಏನಾಗುತ್ತದೆ ಅಂತ ಶೋರೂಮಿನವರಿಂದ ಬರಹದಲ್ಲಿ ತೆಗೆದುಕೊಳ್ಳಿ. ಬಾಯಿ ಮಾತು ಬೇಡ.

ಕತ್ತರಿ ಹಾಕಬಾರದ ಇನ್ನೊಂದು ಜಾಗ ಗ್ಯಾಲ್ವನೈಸಿಂಗ್. ಪುಣೆಯವರಿಗೆ ಇದು ಐಷಾರಾಮ ಅನಿಸಬಹುದು, "ಪೌಡರ್ ಕೋಟಿಂಗ್ ಸಾಕು ಸರ್" ಅನ್ನಬಹುದು. ಅವರ ಒಣ ಹವೆಗೆ ಸಾಕಿರಬಹುದು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮಳೆ, ಅದರ ಮೇಲೆ ಉಪ್ಪು ಗಾಳಿ. ನನ್ನ ಶೆಡ್ಡಿಗೆ ಬರುವ ಟ್ರೇಲರುಗಳು ಹೊರಗಿನಿಂದ ಕೆಡುವುದಿಲ್ಲ, ಪೈಪಿನ ಒಳಗಿನಿಂದ ಕೆಡುತ್ತವೆ. ಪೇಂಟು ಹೊಳೆಯುತ್ತಿರುತ್ತದೆ. ಪೈಪಿನ ಕೆಳಮೈಯಲ್ಲಿ, ವೆಲ್ಡಿಂಗ್ ಪಕ್ಕದಲ್ಲಿ, ಸಣ್ಣ ಗುಳ್ಳೆ ಎದ್ದಿರುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರೆ ಒಳಗೆ ಹೋಗಿಬಿಡುತ್ತದೆ, ಕಂದು ನೀರು ಸುರಿಯುತ್ತದೆ. ಪೌಡರ್ ಕೋಟಿಂಗ್ ಪೈಪಿನ ಒಳಗೆ ಹೋಗುವುದಿಲ್ಲ. ಸತುವಿನ ತೊಟ್ಟಿಯಲ್ಲಿ ಇಡೀ ಚಾಸಿ ಅದ್ದಿದರೆ ಒಳಗೂ ಹೊರಗೂ ಹತ್ತುತ್ತದೆ. ಅದಕ್ಕೆ ಪೈಪುಗಳಲ್ಲಿ ಮೊದಲೇ ತೂತು ಬಿಟ್ಟಿರಬೇಕು, ಇಲ್ಲದಿದ್ದರೆ ಒಳಗಿನ ಗಾಳಿ, ತೇವ ಬಿಸಿಗೆ ಹಿಗ್ಗಿ ಪೈಪೇ ಸಿಡಿಯಬಹುದು. ಹಾಗಾಗಿ ಇದನ್ನು ಚಾಸಿ ಕಟ್ಟುವ ಮೊದಲೇ ತೀರ್ಮಾನ ಮಾಡಬೇಕು. ಕಟ್ಟಿಯಾದ ಮೇಲೆ "ಗ್ಯಾಲ್ವನೈಸ್ ಮಾಡಿಸಿಬಿಡಿ" ಅಂದರೆ ಆಗುವುದಿಲ್ಲ. ಆ ತೂತುಗಳಿಂದ ನಿಮಗೆ ಇನ್ನೊಂದು ಲಾಭ ಇದೆ. ವರ್ನಿಯರ್ ಕ್ಯಾಲಿಪರಿನ ಹಿಂದಿನ ಸಣ್ಣ ಕಡ್ಡಿ ಅದರಲ್ಲಿ ಎದುರಿನ ಗೋಡೆ ಮುಟ್ಟುವವರೆಗೆ ಇಳಿಸಿ, ಬಂದ ಆಳವನ್ನು 50ರಲ್ಲಿ ಕಳೆದರೆ ಪೈಪಿನ ದಪ್ಪ ಗೊತ್ತಾಗುತ್ತದೆ. 3 ಎಂಎಂ ಅಂದದ್ದು 3 ಎಂಎಂ ಇದೆಯಾ ಅಂತ ನೀವೇ ನೋಡಬಹುದು.

ಸ್ಟೇನ್‌ಲೆಸ್ ವಿಷಯದಲ್ಲಿ ಹೀಗೆ ಸುಲಭ ಇಲ್ಲ. ಆಯಸ್ಕಾಂತ ಇಟ್ಟು ನೋಡಿ ಅಂತ ಎಲ್ಲರೂ ಹೇಳುತ್ತಾರೆ. 202, 304 ಎರಡಕ್ಕೂ ಸಾಮಾನ್ಯವಾಗಿ ಆಯಸ್ಕಾಂತ ಹಿಡಿಯುವುದಿಲ್ಲ, ಅದರಿಂದ ಏನೂ ತಿಳಿಯುವುದಿಲ್ಲ. ಅದಕ್ಕೇ ಒಂದು ಪರೀಕ್ಷೆಯ ದ್ರಾವಣ ಸಿಗುತ್ತದೆ, ಎರಡು ಹನಿ ಹಾಕಿದರೆ ಬಣ್ಣ ಬದಲಾಗಿ ಗೊತ್ತಾಗುತ್ತದೆ. ಅಡುಗೆ ಕಟ್ಟೆ, ಬಾಗಿಲಿನ ಕೀಲು, ಚಿಲಕ ಎಲ್ಲವೂ 304 ಅಂತ ಬರೆಸಿ, ಹನಿ ಹಾಕಿಯೇ ತೆಗೆದುಕೊಳ್ಳುತ್ತೇನೆ ಅಂತ ನಗುತ್ತಲೇ ಹೇಳಿಬಿಡಿ. ಹೇಳಿದ ಮೇಲೆ ಬಹುಶಃ ಹಾಕುವ ಕೆಲಸವೇ ಬೀಳುವುದಿಲ್ಲ.

ಅಗಲದ ಬಗ್ಗೆ ಚುಟುಕಾಗಿ: ಟ್ರೇಲರ್ ಥಾರ್‌ಗಿಂತ ಅಗಲ ಆಗಬಾರದು. ನಿಮ್ಮ ಕಡೆ ತೋಟದ ದಾರಿ, ಧರೆ, ಸಣ್ಣ ಸಂಕ ಎಲ್ಲಾ ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಟೈರು, ರಿಮ್ಮು ಥಾರ್‌ನದ್ದೇ ಅಳತೆ, ಅದೇ ಬೋಲ್ಟ್ ಅಂತರ ಇರಲಿ. ಆಗ ಒಂದು ಸ್ಟೆಪ್ನಿ ಎರಡಕ್ಕೂ ಆಗುತ್ತದೆ.

ಈಗ ದುಡ್ಡು ಕೊಡುವ ರೀತಿ. ನನ್ನ ಲೆಕ್ಕದಲ್ಲಿ ಬೆಲೆಗಿಂತ ಇದರ ಮೇಲೆ ಜಾಸ್ತಿ ಜಗ್ಗಾಡಬೇಕು. ಅರ್ಧ ಅಡ್ವಾನ್ಸ್ ಕೊಟ್ಟ ದಿನ ನಿಮ್ಮ ಬಲ ಮುಗಿಯಿತು. ಆಮೇಲೆ ನೀವು ಫೋನ್ ಮಾಡುತ್ತೀರಿ, ಅವರು "ಮುಂದಿನ ವಾರ ಸರ್" ಅನ್ನುತ್ತಾರೆ. ಅವರ ಕಡೆಯೂ ನೋಡಬೇಕು. ಆಕ್ಸಲ್, ಪೈಪು ತರಲು ಅವರಿಗೆ ದುಡ್ಡು ಬೇಕು, ನಿಮಗಾಗಿ ಮಾಡಿದ ಗಾಡಿ ನೀವು ಬೇಡ ಅಂದರೆ ಬೇರೆಯವರಿಗೆ ಮಾರುವುದು ಕಷ್ಟ. ಹಾಗಾಗಿ ಆರ್ಡರ್ ಕೊಡುವಾಗ ಶೇಕಡಾ 25, ಚಾಸಿ ಮತ್ತು ಆಕ್ಸಲ್ ಆದಾಗ 30, ಬಾಡಿ ಮತ್ತು ವೈರಿಂಗ್ ಆದಾಗ 25, ಉಳಿದ 20 ಗಾಡಿ ತೂಗಿಸಿ ಎಳೆದು ನೋಡಿದ ಮೇಲೆ. ಎರಡನೇ ಕಂತಿನ ಹೊತ್ತಿಗೆ ಖುದ್ದು ಹೋಗಿ. ಚಾಸಿ ಬರಿಮೈಯಲ್ಲಿ ಇರುವಾಗ ಒಂದು ಸಲ ನೋಡಿದರೆ ಸಾಕು, ವೆಲ್ಡಿಂಗ್ ಹೇಗಿದೆ, ಪೈಪು ಎಷ್ಟು ದಪ್ಪ ಎಲ್ಲ ತಿಳಿಯುತ್ತದೆ. ಫೋಟೋ ಕಳಿಸಿದರೆ ಸಾಲದು, ಫೋಟೋದಲ್ಲಿ ಯಾರ ಚಾಸಿ ಬೇಕಾದರೂ ಇರಬಹುದು.

"ಒಂದು ಮೂರು ಲಕ್ಷ ಕ್ಯಾಶ್ ಕೊಡಿ, ಜಿಎಸ್‌ಟಿ ಉಳಿಯುತ್ತೆ" ಅನ್ನುವ ಆಮಿಷ ಬಂದೇ ಬರುತ್ತದೆ. ಬೇಡ. 2017ರಿಂದ ಒಂದೇ ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ, ದಂಡ ತೆಗೆದುಕೊಂಡವರಿಗೆ ಬೀಳುತ್ತದೆ. ನಿಮಗೆ ದಂಡ ಇಲ್ಲದಿದ್ದರೂ ನಷ್ಟ ಇದೆ. ಬಿಲ್ಲಿನಲ್ಲಿ 6.80 ಲಕ್ಷ ಇದ್ದರೆ ವಿಮೆ ಆಗೋದು ಅಷ್ಟಕ್ಕೆ. ಜಗಳ ಬಂದರೂ ಅಷ್ಟಕ್ಕೇ. ಜಗಳದ ಮಾತು ಬಂತು ಅಂತ ಹೇಳುತ್ತೇನೆ, 2019ರ ಗ್ರಾಹಕ ಕಾಯ್ದೆ ಬಂದ ಮೇಲೆ ಪುಣೆಯವರ ಮೇಲಿನ ದೂರನ್ನು ನೀವು ಪುಣೆಗೆ ಹೋಗಿ ಕೊಡಬೇಕಿಲ್ಲ. ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು, ಅಂದರೆ ಕಾರವಾರದ ಜಿಲ್ಲಾ ಆಯೋಗದಲ್ಲಿ. ಐವತ್ತು ಲಕ್ಷದವರೆಗೆ ಅವರೇ ನೋಡುತ್ತಾರೆ. ಆದರೆ ಅಲ್ಲಿ ತೋರಿಸಲು ಆ ವಿವರವಾದ ಕೊಟೇಶನ್ ಬೇಕು. ಒಂದು ಪುಟದ "ಹೆವಿ ಡ್ಯೂಟಿ" ಹಿಡಿದುಕೊಂಡು ಹೋದರೆ ಏನು ವಾದ ಮಾಡುತ್ತೀರಿ?

ಯಾವಾಗ ಆರ್ಡರ್ ಕೊಡಬೇಕು ಅನ್ನೋದೂ ಬೆಲೆಗೆ ಸೇರಿದ್ದೇ. ದಸರಾದಿಂದ ಡಿಸೆಂಬರ್ ರಜೆವರೆಗೆ ಎಲ್ಲರಿಗೂ ಗಾಡಿ ಬೇಕು, ಆಗ ಯಾರೂ ಇಳಿಯುವುದಿಲ್ಲ. ಮಳೆ ಶುರುವಾಗುವ ಹೊತ್ತಿಗೆ ಶೆಡ್ಡುಗಳಲ್ಲಿ ಕೆಲಸ ಕಮ್ಮಿ. ಜೂನ್‌ನಲ್ಲಿ ಆರ್ಡರ್, ಅಕ್ಟೋಬರ್‌ನಲ್ಲಿ ಡೆಲಿವರಿ ಅಂದರೆ ಅವರಿಗೂ ಆರಾಮ, ನಿಮಗೂ ಮಾತಾಡಲು ಜಾಗ. ಪೇಂಟ್ ಕೆಲಸ ಮಾತ್ರ ಮಳೆ ಹಿಂದಾದ ಮೇಲೆ ಮಾಡಿ ಅನ್ನಿ. ತೇವದ ಗಾಳಿಯಲ್ಲಿ ಬಳಿದ ಪೇಂಟು ಹಿಡಿಯುವುದಿಲ್ಲ.

ನಡುವೆ ಬದಲಾವಣೆ ಹೇಳುವಾಗ ಹುಷಾರು. ಬೆಲೆ ಏರುವುದು ಮೊದಲ ದಿನ ಅಲ್ಲ, ನಡುವಿನಲ್ಲಿ. "ಇಲ್ಲೊಂದು ಕಿಟಕಿ ಇರಲಿ", "ಒಲೆ ಆ ಕಡೆ ಬರಲಿ" ಅಂತ ವಾಟ್ಸಾಪ್‌ನಲ್ಲಿ ಸುಮ್ನೆ ಹೇಳಿದ್ದೆಲ್ಲ ಕೊನೇ ಬಿಲ್ಲಿನಲ್ಲಿ ಸಾಲಾಗಿ ನಿಂತಿರುತ್ತದೆ. ಬದಲಾವಣೆ ಬೇಕಾದರೆ ಮೊದಲು ಅದರ ಬೆಲೆ ಬರೆಸಿ, ಆಮೇಲೆ ಹೂಂ ಅನ್ನಿ. ಇನ್ನೂ ಒಳ್ಳೇದು ಅಂದರೆ ಆರ್ಡರ್ ಕೊಡುವ ಮೊದಲು ಜಗಲಿಯ ಮೇಲೆ ಸುಣ್ಣದಲ್ಲಿ ನಿಜ ಅಳತೆಗೆ ಗಾಡಿ ಬರೆಯಿರಿ. ಒಳಗೆ ಮಲಗಿ ನೋಡಿ, ಅಡುಗೆ ಕಟ್ಟೆಯ ಎದುರು ನಿಂತು ನೋಡಿ. ಅರ್ಧ ಬದಲಾವಣೆಗಳು ಜಗಲಿಯಲ್ಲೇ ಮುಗಿಯುತ್ತವೆ.

ಇನ್ನು ನೀವು ಕೇಳಿದ ಅಂಕಿ. ಎಲ್ಲಾ ವಿವರ ಹಾಗೇ ಇಟ್ಟುಕೊಂಡು, ಏನನ್ನೂ ತೆಗೆಸದೆ, 9.80 ಲಕ್ಷದಲ್ಲಿ ನಲವತ್ತರಿಂದ ಐವತ್ತು ಸಾವಿರ ಇಳಿದರೆ ಅದು ಅವರ ಲಾಭದಿಂದ ಇಳಿದದ್ದು ಅಂತ ನನ್ನ ಅಂದಾಜು. ಅದಕ್ಕಿಂತ ಜಾಸ್ತಿ ಇಳಿದರೆ "ಎಲ್ಲಿಂದ ಇಳಿಸಿದಿರಿ?" ಅಂತ ಕೇಳಲೇಬೇಕು. ಅದಾದ ಮೇಲೆ ದುಡ್ಡು ಬಿಟ್ಟು ವಸ್ತು ಕೇಳಿ. ವಸ್ತು ಅವರಿಗೆ ಕಮ್ಮಿ ದರಕ್ಕೆ ಸಿಗುತ್ತದೆ, ಹಾಗಾಗಿ ಕೊಡಲು ಮನಸ್ಸು ಬರುತ್ತದೆ. ಒಂದು ಹೆಚ್ಚಿನ ಹಬ್ ಬೇರಿಂಗ್ ಸೆಟ್ ಮತ್ತು ಆಯಿಲ್ ಸೀಲ್, ಸ್ಟೆಪ್ನಿ, ಮುಂದಿನ ಜಾಕಿ ಚಕ್ರ ದೊಡ್ಡದು, ವೈರಿಂಗ್ ನಕ್ಷೆ. ಅಂಶಿ ಕಡೆಯ ರಸ್ತೆಯಲ್ಲಿ ಬೇರಿಂಗ್ ಹೋದರೆ ಆ ಸೆಟ್‌ನ ಬೆಲೆ ಅವತ್ತು ಗೊತ್ತಾಗುತ್ತದೆ. ನಿಮ್ಮಣ್ಣ ಫೋನಿನಲ್ಲಿ ಏಳೂವರೆ ಅನ್ನುವುದು ಬೇಡ. ಆ ಅಂಕಿ ಕೇಳಿದ ಕೂಡಲೇ ಅವರು ನಿಮ್ಮನ್ನು ಕಮ್ಮಿ ದರದ ಗಿರಾಕಿ ಅಂತ ಬರೆದುಕೊಳ್ಳುತ್ತಾರೆ, ಆಮೇಲೆ ಎಲ್ಲದರಲ್ಲೂ ಕಮ್ಮಿಯದ್ದನ್ನೇ ತೋರಿಸುತ್ತಾರೆ. ಬೇರೆ ಕಡೆಯ ಕೊಟೇಶನ್ ತೋರಿಸಿ ಹೆದರಿಸುವುದಾದರೂ ಪೈಪು, ಆಕ್ಸಲ್, ಬ್ರೇಕ್ ಒಂದೇ ಇರುವುದನ್ನೇ ತೋರಿಸಿ.

ಕೊನೆಯ ಕಂತಿನ 20 ಶೇಕಡಾ ಬಿಡುವ ಮೊದಲು ಪುಣೆಯಲ್ಲೇ ಹತ್ತಿರದ ವೇಬ್ರಿಡ್ಜಿಗೆ ಒಯ್ದು ಟ್ರೇಲರನ್ನು ಒಂದನ್ನೇ ತೂಗಿಸಿ ಚೀಟಿ ತೆಗೆದುಕೊಳ್ಳಿ. ಮನೆಗೆ ಬಂದ ಮೇಲೆ ಸಾಮಾನು, ನೀರು ಎಲ್ಲ ತುಂಬಿ ಅಡಿಕೆ ತೂಗುವ ಕಾಟಾದ ಮೇಲೆ ಟ್ರೇಲರಿನ ಮೂತಿ (ಥಾರ್‌ಗೆ ಸಿಕ್ಕಿಸುವ ಮುಂದಿನ ತುದಿ) ಇಟ್ಟು ನೋಡಿ. ಗಾಡಿ ಸಮತಟ್ಟಾಗಿ ನಿಂತಿರಬೇಕು. ಒಟ್ಟು ತೂಕದ ಹತ್ತನೇ ಒಂದು ಪಾಲಿನ ಆಸುಪಾಸು ಮೂತಿಯ ಮೇಲೆ ಬರಬೇಕು, 700 ಕೆಜಿಗೆ 70 ಅಂತ. ತೀರಾ ಕಮ್ಮಿ ಬಂದರೆ ವೇಗದಲ್ಲಿ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ, ತೀರಾ ಜಾಸ್ತಿಯಾದರೆ ಥಾರ್‌ನ ಹಿಂಭಾಗ ಕೂತುಬಿಡುತ್ತದೆ. ಸಾಮಾನು ಹಿಂದೆ ಮುಂದೆ ಮಾಡಿ ಸರಿಹೋಗದಿದ್ದರೆ ಆಕ್ಸಲ್ ಕೂರಿಸಿದ ಜಾಗವೇ ತಪ್ಪಿದೆ ಅಂತ. ಅದು ಅವರೇ ಸರಿಮಾಡಿಕೊಡಬೇಕಾದ ದೋಷ ಅಂತ ಕೊಟೇಶನ್‌ನಲ್ಲಿ ಮೊದಲೇ ಬರೆಸಿರಿ.

ಪುಣೆಯಿಂದ ತಂದಾಗ ಏನೂ ತೊಂದರೆ ಆಗಲಿಲ್ಲ ಅಂತ ನಿರಾಳ ಆಗಬೇಡಿ. ಬೆಳಗಾವಿ ದಾಟಿದ ಮೇಲೆ ಹುಬ್ಬಳ್ಳಿಯಿಂದ ಶಿರಸಿಗೆ ಹೇಳಿಕೊಳ್ಳುವಂಥ ಘಟ್ಟವೇ ಇಲ್ಲ. ವಾರಂಟಿಯ ಮೊದಲ ತಿಂಗಳಲ್ಲೇ ತುಂಬಿದ ಗಾಡಿ ಕಟ್ಟಿಕೊಂಡು ಒಮ್ಮೆ ದೇವಿಮನೆ ಘಟ್ಟದಲ್ಲಿ ಕುಮಟಾಕ್ಕೆ ಇಳಿದು ಹತ್ತಿ ಬನ್ನಿ. ಕೆಳಗೆ ನಿಲ್ಲಿಸಿ ಎರಡೂ ಹಬ್ ಹತ್ತಿರ ಕೈ ಒಯ್ದು ನೋಡಿ. ಒಂದು ಬೆಚ್ಚಗೆ, ಇನ್ನೊಂದು ಸುಡುತ್ತಿದೆ ಅಂದರೆ ಬ್ರೇಕ್ ಹೊಂದಾಣಿಕೆ ಸರಿ ಇಲ್ಲ ಅಥವಾ ಬೇರಿಂಗ್ ಬಿಗಿಯಾಗಿದೆ. ವೀಲ್ ನಟ್ಟುಗಳನ್ನು ಮೊದಲ ನೂರು ಕಿಲೋಮೀಟರಿಗೆ ಒಮ್ಮೆ ಬಿಗಿ ಮಾಡಿ. ಸಾವಿರ ಕಿಲೋಮೀಟರಿಗೆ ಬೇರಿಂಗ್ ಬಿಚ್ಚಿ ಗ್ರೀಸ್ ನೋಡುವ ಮೊದಲ ಸರ್ವೀಸು ಯಾರ ಖರ್ಚು ಅಂತಲೂ ಈಗಲೇ ಕೇಳಿಟ್ಟುಕೊಳ್ಳಿ. ಅದಕ್ಕಾಗಿ ಪುಣೆಗೆ ಒಯ್ಯಬೇಕಾಗಿಲ್ಲ. ಶಿರಸಿಯ ಯಾವುದೇ ಒಳ್ಳೆ ಗ್ಯಾರೇಜಿನಲ್ಲಿ ಮಾಡಿಸಿ ಬಿಲ್ ಕಳಿಸುತ್ತೇವೆ, ಅದರ ದುಡ್ಡು ನೀವು ಕೊಡಿ ಅಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ.